ಶ್ರೀರಂಗಪಟ್ಟಣ ಒಪ್ಪಂದ: ಮಕ್ಕಳು ಮರಳಿದರು, ಘಾಟಿಗಳು ಮರಳಲಿಲ್ಲ

ಟಿಪ್ಪುವಿನ ಇಬ್ಬರು ಮಕ್ಕಳನ್ನು ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಬರಮಾಡಿಕೊಳ್ಳುವ ಚಿತ್ರವನ್ನು ನೀವೂ ನೋಡಿರಬಹುದು. ಬ್ರಿಟಿಷ್ ಕಲಾವಿದರಿಗೆ ಅದು ಬಲು ಇಷ್ಟದ ವಿಷಯ. 1792ರ ಶ್ರೀರಂಗಪಟ್ಟಣ ಒಪ್ಪಂದ ಎಂದರೆ ನಮಗೂ ಮೊದಲು ನೆನಪಾಗುವುದು ಆ ಒತ್ತೆಯಾಳುಗಳೇ. ಅಬ್ದುಲ್ ಖಾಲಿಕ್‌ಗೆ ಆಗ ಸುಮಾರು 10 ವರ್ಷ, ಮುಯಿಜುದ್ದೀನ್‌ಗೆ 8. ಇಬ್ಬರೂ 1794ರಲ್ಲಿ ಅಪ್ಪನ ಬಳಿಗೆ ಮರಳಿದರು.

ಬ್ರಿಟಿಷರ ಈಸ್ಟ್ ಇಂಡಿಯಾ ಕಂಪನಿ, ಹೈದರಾಬಾದಿನ ನಿಜಾಮ ಮತ್ತು ಮರಾಠರು ಸೇರಿ ಟಿಪ್ಪುವಿನ ವಿರುದ್ಧ ಗೆದ್ದ ಯುದ್ಧದ ಕೊನೆಗೆ ಆದ ಒಪ್ಪಂದ ಅದು. ದಂಡ 3 ಕೋಟಿ 30 ಲಕ್ಷ ರೂಪಾಯಿ. ಅರ್ಧ ಕೂಡಲೇ, ಉಳಿದದ್ದು ಮೂರು ಕಂತಿನಲ್ಲಿ. ಒಪ್ಪಂದದ ಲೆಕ್ಕದಲ್ಲಿ ಇಡೀ ರಾಜ್ಯದ ವರ್ಷದ ಆದಾಯ ಸುಮಾರು 2 ಕೋಟಿ 37 ಲಕ್ಷ. ಅದರಲ್ಲೂ ಅರ್ಧ ರಾಜ್ಯ ಕೈಬಿಟ್ಟಿತ್ತು. ಅಂದರೆ ಉಳಿದ ನೆಲದ ಹೆಚ್ಚುಕಡಿಮೆ ಮೂರು ವರ್ಷದ ದುಡಿಮೆ ದಂಡಕ್ಕೇ ಹೋಗಬೇಕು! ಖಜಾನೆಯೊಂದರಿಂದ ಇದು ಆಗುವ ಮಾತಲ್ಲ. ಸೈನ್ಯ, ಅಧಿಕಾರಿಗಳು, ಜನ ಎಲ್ಲರ ಮೇಲೂ ಹೊರೆ ಬಿತ್ತು.

ಆದರೆ ನನಗೆ ದುಡ್ಡಿಗಿಂತ ದೊಡ್ಡದಾಗಿ ಕಾಣುವುದು ನೆಲದ ಆಯ್ಕೆ. ಮರಾಠರ ಗಡಿ ತುಂಗಭದ್ರೆಯವರೆಗೆ ಬಂತು, ನಿಜಾಮನಿಗೆ ಕಡಪದ ಕಡೆಯ ಸೀಮೆ ಸಿಕ್ಕಿತು. ಕಂಪನಿ ಮಾತ್ರ ನಕ್ಷೆ ನೋಡಿಯೇ ಕೇಳಿತು: ಮಲಬಾರ್, ದಿಂಡಿಗಲ್, ಬಾರಾಮಹಲ್. ಮಲಬಾರ್ ಎಂದರೆ ಮೆಣಸು. ಬಾರಾಮಹಲ್ ಎಂದರೆ ಈಗಿನ ಕೃಷ್ಣಗಿರಿ, ಧರ್ಮಪುರಿ ಕಡೆ. ತಮಿಳು ಬಯಲಿನಿಂದ ಮೈಸೂರಿಗೆ ಹತ್ತುವ ಘಾಟಿಗಳು ಅಲ್ಲಿವೆ.

ಕಂಪನಿ ಕೊಡಗನ್ನೂ ಕೇಳಿದಾಗ ಟಿಪ್ಪು ಸಿಡಿದೆದ್ದ. ಕಂಪನಿಯ ನೆಲಕ್ಕೆ ಅದು ತಾಗಿಕೊಂಡೇ ಇಲ್ಲ, ತನ್ನ ರಾಜಧಾನಿಗೆ ಹತ್ತಿರ ಎಂಬುದು ಅವನ ವಾದ. ಸಿಟ್ಟಿಗೆ ಕಾರಣ ಇತ್ತು, ಅಲ್ವಾ? ಆದರೆ ಮಕ್ಕಳು ಆಗಲೇ ಶತ್ರುವಿನ ಪಾಳೆಯದಲ್ಲಿದ್ದರು, ದಂಡದ ಹಣದ ಒಂದು ಭಾಗವೂ ಹೋಗಿತ್ತು. ಕೊನೆಗೆ ಸಹಿ ಹಾಕಿದ.

1791ರಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರದವರೆಗೂ ಬಂದು, ದನಗಳು ಸತ್ತು, ದವಸ ಮುಗಿದು, ಭಾರಿ ಫಿರಂಗಿಗಳನ್ನು ತಾನೇ ಹಾಳುಮಾಡಿ ಹಿಂದಿರುಗಿದ್ದ. ಒಪ್ಪಂದದಲ್ಲಿ ಆರಿಸಿಕೊಂಡ ನೆಲದ ಫಲ ಮುಂದಿನ ಯುದ್ಧದಲ್ಲಿ ಕಂಡಿತು. 1799ರಲ್ಲಿ ಬ್ರಿಟಿಷ್ ಸೇನಾಪತಿ ಹ್ಯಾರಿಸ್‌ನ ಸೈನ್ಯ ಈಗ ಕಂಪನಿಯದೇ ಆಗಿದ್ದ ಬಾರಾಮಹಲ್ ದಾಟಿ ಮೇಲೆ ಹತ್ತಿತು. ಕಂಪನಿಯ ಬೊಂಬಾಯಿ ಸೈನ್ಯ ಮಲಬಾರಿನ ಕಣ್ಣಾನೂರಿನಿಂದ ಹೊರಟು ಕೊಡಗಿನ ಮೂಲಕ ಬಂತು. ಅದನ್ನು ತಡೆಯಲು ಟಿಪ್ಪು ಮಾರ್ಚ್ 6ರಂದು ಪಿರಿಯಾಪಟ್ಟಣದ ಬಳಿ ಸಿದ್ದೇಶ್ವರದಲ್ಲಿ ಹೋರಾಡಿ ಸೋತ. ಮೇ 4ಕ್ಕೆ ಕೋಟೆ ಬಿತ್ತು.