ಸಣ್ಣ ಅಂಗಡಿಗೆ ಸೋಷಿಯಲ್ ಮೀಡಿಯಾ: ಮೊದಲು ಮ್ಯಾಪ್, ಆಮೇಲೆ ರೀಲ್ಸ್

ಸಣ್ಣ ಅಂಗಡಿಗಳ ಆನ್‌ಲೈನ್ ಕೆಲಸ ನೋಡಿಕೊಳ್ಳುವ ನಾವೆಲ್ಲ ಸೋಷಿಯಲ್ ಮೀಡಿಯಾ ಅಂದ ಕೂಡಲೇ ರೀಲ್ಸ್ ಯೋಚನೆಗೆ ಹೋಗಿಬಿಡುತ್ತೇವೆ. ಮಂಡ್ಯದ ಬೆಲ್ಲದ ಅಂಗಡಿಗೋ ಮೈಸೂರಿನ ಅಗ್ರಹಾರದ ಟೈಲರ್‌ಗೋ ಅದು ಮೊದಲ ಕೆಲಸವಲ್ಲ. ಆ ಅಂಗಡಿಯನ್ನು ಈಗಾಗಲೇ ಹುಡುಕುತ್ತಿರುವವರು ಇದ್ದಾರೆ. ಮೊದಲು ಅವರಿಗೆ ಸಿಗಬೇಕು.

ಹಾಗಾಗಿ ಗೂಗಲ್ ಬಿಸಿನೆಸ್ ಪ್ರೊಫೈಲ್‌ನಿಂದ ಶುರು ಮಾಡಿ. ಗೂಗಲ್ ಸರ್ಚ್‌ನಲ್ಲೂ ಮ್ಯಾಪ್‌ನಲ್ಲೂ ಅಂಗಡಿಯ ವಿಳಾಸ, ಫೋನ್, ಸಮಯ ತೋರಿಸುವ ಪುಟ ಇದು. 2021ರ ತನಕ ಇದರ ಹೆಸರು ಗೂಗಲ್ ಮೈ ಬಿಸಿನೆಸ್. ಹಳೆಯ ಯೂಟ್ಯೂಬ್ ಪಾಠಗಳಲ್ಲಿ ಆ ಹೆಸರು ಬಂದರೆ ಗೊಂದಲ ಬೇಡ. ಇದಕ್ಕೆ ದುಡ್ಡು ಕೊಡಬೇಕಿಲ್ಲ. ಯಾರೋ ಗ್ರಾಹಕರು ಅಂಗಡಿಯನ್ನು ಮ್ಯಾಪ್‌ಗೆ ಮೊದಲೇ ಸೇರಿಸಿರಬಹುದು, ಅದನ್ನು ನೋಡಿಕೊಳ್ಳಿ. ಇದ್ದರೆ ಹೊಸದು ಮಾಡದೆ ಅದನ್ನೇ ಮಾಲೀಕರ ಹೆಸರಿಗೆ ಕೇಳಿ ಪಡೆಯಬೇಕು. ಬೋರ್ಡ್ ಮೇಲಿರುವ ಹೆಸರನ್ನೇ ಹಾಕಿ. ‘ಬೆಸ್ಟ್ ಬೆಲ್ಲ ಮಂಡ್ಯ’ ಅಂತ ಬಾಲ ಸೇರಿಸುವುದು ನಿಯಮಕ್ಕೆ ವಿರುದ್ಧ, ಪ್ರೊಫೈಲ್ ಬಂದ್ ಆಗಲೂಬಹುದು. ರಿವ್ಯೂ ಬರೆದರೆ ಡಿಸ್ಕೌಂಟ್ ಅನ್ನುವುದೂ ಅಷ್ಟೇ. ಸುಮ್ನೆ ಬಾಯಿಬಿಟ್ಟು ಕೇಳಿದರೆ ತಪ್ಪಿಲ್ಲ.

ಎಲ್ಲರೂ ಮರೆಯುವುದು ಸಮಯವನ್ನು. ದಸರಾದಲ್ಲಿ ದೇವರಾಜ ಮಾರ್ಕೆಟ್ ಸುತ್ತ ಹೊರಊರಿನವರೇ ಜಾಸ್ತಿ. ಅವರು ಬಾಗಿಲು ತೆರೆದಿದೆಯೋ ಇಲ್ಲವೋ ಅಂತ ಫೋನ್ ನೋಡಿಯೇ ಬರುತ್ತಾರೆ. ಹಬ್ಬದ ದಿನಗಳಿಗೆ ಬೇರೆ ಸಮಯ ಹಾಕುವ ಅವಕಾಶ ಪ್ರೊಫೈಲ್‌ನಲ್ಲಿದೆ. ಆಯುಧಪೂಜೆಯ ದಿನ ಅಂಗಡಿ ಎಷ್ಟು ಹೊತ್ತಿಗೆ ಮುಚ್ಚುತ್ತದೆ ಅಂತ ಮಾಲೀಕರನ್ನೇ ಕೇಳಿ ತುಂಬಿ.

ಇನ್ನು ವಾಟ್ಸ್ಆ್ಯಪ್ ಬಿಸಿನೆಸ್, ಅಂದರೆ ಅಂಗಡಿಗಳಿಗೆಂದೇ ಇರುವ ಬೇರೆ ಆ್ಯಪ್. ಒಂದೇ ನಂಬರ್ ಮಾಮೂಲಿ ವಾಟ್ಸ್ಆ್ಯಪ್‌ನಲ್ಲೂ ಇದರಲ್ಲೂ ಒಟ್ಟಿಗೆ ನಡೆಯುವುದಿಲ್ಲ. ಮನೆಯವರ ಜೊತೆ ಮಾತಾಡುವ ನಂಬರನ್ನೇ ಕೊಟ್ಟರೆ ಊಟದ ಹೊತ್ತಿನಲ್ಲೂ ಆರ್ಡರ್ ಬರುತ್ತದೆ, ಎರಡನೇ ಸಿಮ್ ಒಳ್ಳೆಯದು. ಕ್ಯಾಟಲಾಗ್‌ನಲ್ಲಿ ಬೆಲೆ ಹಾಕಿಸಿ. ‘ಬೆಲೆಗೆ ಮೆಸೇಜ್ ಮಾಡಿ’ ಅಂದರೆ ಅರ್ಧ ಜನ ಅಲ್ಲೇ ಬಿಟ್ಟು ಹೋಗುತ್ತಾರೆ ಅನ್ನುವುದು ನನ್ನ ಅನಿಸಿಕೆ. ಒಂದೇ ಮೆಸೇಜನ್ನು ಹಲವರಿಗೆ ಬಿಡಿಬಿಡಿಯಾಗಿ ಕಳಿಸುವ ಬ್ರಾಡ್‌ಕಾಸ್ಟ್ ಲಿಸ್ಟ್‌ನ ಮೆಸೇಜ್ ಅಂಗಡಿಯ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಆದ್ದರಿಂದ ಬಿಲ್ ಕೊಡುವಾಗಲೇ ‘ನಂಬರ್ ಸೇವ್ ಮಾಡ್ಕೊಳಿ ಅಣ್ಣ’ ಅನ್ನುವ ಅಭ್ಯಾಸ ಬೇಕು. ಕೇಳದೆ ಗ್ರೂಪಿಗೆ ಸೇರಿಸಿದರೆ ಬೈಗುಳವೇ ಗತಿ.

ಪೋಸ್ಟ್‌ಗೆ ವಿಷಯ ಸಿಗದಿದ್ದರೆ ಗಲ್ಲಾದ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಬೆಲ್ಲದ ಅಂಗಡಿಯಲ್ಲಿ ‘ಇದ್ಯಾಕೆ ಇಷ್ಟು ಕಪ್ಪಗಿದೆ?’ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಬೆಲ್ಲಕ್ಕೆ ಹಳದಿ ಹೊಳಪು ಬರಲಿ ಅಂತ ಕೆಲವು ಆಲೆಮನೆಗಳಲ್ಲಿ ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕುತ್ತಾರೆ. ಹಾಕದಿದ್ದರೆ ಬಣ್ಣ ಸಾಮಾನ್ಯವಾಗಿ ಕಂದು ತಿರುಗುತ್ತದೆ. ಕಬ್ಬಿನ ತಳಿ, ಮಣ್ಣು, ಕಾಯಿಸುವ ಹದವೂ ಬಣ್ಣ ಬದಲಿಸುತ್ತವೆ. ಇದನ್ನು ಮಾಲೀಕರ ಬಾಯಲ್ಲೇ, ಮಂಡ್ಯದ ಮಾತಲ್ಲೇ ಹೇಳಿಸಿ, ಅಚ್ಚು ಬೆಲ್ಲವನ್ನು ಮುರಿದು ತೋರಿಸಿದರೆ ಅದೇ ಒಂದು ರೀಲ್. ಸ್ಕ್ರಿಪ್ಟ್ ಬರೆದುಕೊಟ್ಟರೆ ಅವರು ವಾರ್ತೆ ಓದಿದ ಹಾಗೆ ಓದುತ್ತಾರೆ, ಬೇಡ. ಆದರೆ ‘ಕೆಮಿಕಲ್ ಇಲ್ಲ’ ಅಂತ ಬರೆಯುವ ಮುಂಚೆ ಸರಕು ಎಲ್ಲಿಂದ ಬರುತ್ತದೆ ಅಂತ ಕೇಳಿ. ‘ಮೈಸೂರು ಸಿಲ್ಕ್’ ಅನ್ನುವಾಗಲೂ ಎಚ್ಚರ. ಅದಕ್ಕೆ ಜಿಐ ಟ್ಯಾಗ್ (ಊರಿನ ಹೆಸರಿಗೆ ಸಿಗುವ ಕಾನೂನು ರಕ್ಷಣೆ) ಇದೆ, ಎಲ್ಲ ರೇಷ್ಮೆ ಸೀರೆಗೂ ಆ ಹೆಸರು ಅಂಟಿಸುವಂತಿಲ್ಲ.

ಇನ್‌ಸ್ಟಾಗ್ರಾಮ್‌ನ ಬಿಸಿನೆಸ್ ಖಾತೆಗೆ ಸಿನಿಮಾ ಹಾಡುಗಳು ಎಷ್ಟೋ ಸಲ ಸಿಗುವುದಿಲ್ಲ. ಹಕ್ಕಿನ ವಿಷಯ ಅದು. ಮಾಲೀಕರ ದನಿಯೇ ಸಾಕು, ಅಲ್ವಾ? ದುಡ್ಡು ಕೊಟ್ಟು ಹಾಕುವ ಜಾಹೀರಾತು ಸದ್ಯಕ್ಕೆ ಬೇಡ.

ಖಾತೆಗಳೆಲ್ಲ ಮಾಲೀಕರ ಜಿಮೇಲ್ ಮತ್ತು ಫೋನ್ ನಂಬರ್‌ನಲ್ಲೇ ಇರಲಿ. ಗೂಗಲ್ ಪ್ರೊಫೈಲ್‌ನಲ್ಲಿ ಅವರು ಓನರ್, ನಾವು ಬರೀ ಮ್ಯಾನೇಜರ್. ಎರಡು ಹಂತದ ಪರಿಶೀಲನೆಯನ್ನು ಅವರ ಮುಂದೆಯೇ ಆನ್ ಮಾಡಿ, ಒಟಿಪಿ ಯಾರಿಗೂ ಹೇಳಬೇಡಿ ಅಂತ ತಿಳಿಸಿ. ನಾವು ಊರು ಬಿಟ್ಟು ಹೋದರೂ ಅಂಗಡಿ ಅಲ್ಲೇ ಇರುತ್ತದೆ.

ತಿಂಗಳಿಗೊಮ್ಮೆ ಲೆಕ್ಕ ನೋಡುವಾಗ ಲೈಕ್‌ಗಳನ್ನು ಬದಿಗಿಟ್ಟು, ಪ್ರೊಫೈಲ್‌ನಿಂದ ಎಷ್ಟು ಕರೆ ಬಂತು, ಎಷ್ಟು ಜನ ದಾರಿ ಕೇಳಿದರು ಅನ್ನುವುದನ್ನು ಬರೆದಿಡಿ. ಮಾಲೀಕರು ಕೇಳುವುದೂ ಅದನ್ನೇ.