‘ಟಕ್’ ಅಂದರೆ ಕೂತಿದೆ ಅಂತಲ್ಲ

ಟ್ರೇಲರ್ ಕಳಚಿಕೊಂಡಿತು ಅಂತ ವರ್ಕ್‌ಶಾಪಿಗೆ ಬಂದವರನ್ನು ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ‘ಜೋಡಿಸಿದ ಮೇಲೆ ಬಗ್ಗಿ ನೋಡಿದ್ರಾ?’ ಹೆಚ್ಚಿನವರ ಉತ್ತರವೂ ಒಂದೇ. ‘ಲಾಕ್ ಟಕ್ ಅಂತು ಸಾರ್, ಕೂತಿದೆ ಅಂದುಕೊಂಡೆ.’

ದಯವಿಟ್ಟು ಆ ಸದ್ದನ್ನು ನಂಬಬೇಡಿ. ಗಾಡಿಯ ಹಿಂದೆ ಇರುವ ಉಕ್ಕಿನ ಗುಂಡು ಬಾಲ್. ಟ್ರೇಲರ್‌ನ ಮೂತಿಯಲ್ಲಿ ಬೋರಲು ಹಾಕಿದ ಬಟ್ಟಲಿನ ಹಾಗೆ ಇರುವುದು ಕಪ್ಲರ್. ಬಟ್ಟಲು ಪೂರ್ತಿ ಕೆಳಗಿಳಿದಾಗ ಅದರೊಳಗಿನ ಹಿಡಿತದ ತುಂಡು ಬಾಲಿನ ಅಡಿಗೆ ಬಂದು ಒತ್ತಿ ಹಿಡಿಯುತ್ತದೆ. ಬಟ್ಟಲು ಅರ್ಧಕ್ಕೇ ನಿಂತರೂ ಎಷ್ಟೋ ಸಲ ಮೇಲಿನ ಹಿಡಿ ಮುಚ್ಚಿಕೊಂಡುಬಿಡುತ್ತದೆ. ಮೇಲಿನಿಂದ ನೋಡಿದರೆ ಎಲ್ಲ ಸರಿಯಾಗೇ ಕಾಣುತ್ತದೆ. ಆಮೇಲೆ ಯಾವುದೋ ಹಂಪಿನಲ್ಲಿ ಮೂತಿ ಎಗರಿ ಹೊರಗೆ ಬರುತ್ತದೆ.

ಹಾಗಾಗಿ ಹಿಡಿ ಮುಚ್ಚಿ, ಪಿನ್ ಹಾಕಿದ ಮೇಲೆ ಟ್ರೇಲರ್‌ನ ಮುಂದಿನ ಜಾಕ್ ತಿರುಗಿಸಿ ಮೂತಿಯನ್ನು ಮತ್ತೆ ಮೇಲೆತ್ತಿ. ಜೊತೆಗೇ ಗಾಡಿಯ ಹಿಂಭಾಗವೂ ಎರಡು ಬೆರಳಿನಷ್ಟು ಎದ್ದರೆ ಕೂತಿದೆ. ಮೂತಿ ಮಾತ್ರ ಎದ್ದು ಬಂದರೆ ಕೂತಿಲ್ಲ, ಮೊದಲಿನಿಂದ ಜೋಡಿಸಿ. ಒಂದು ನಿಮಿಷವೂ ಹಿಡಿಯುವುದಿಲ್ಲ. ಮುಗಿದ ಮೇಲೆ ಜಾಕನ್ನು ಪೂರ್ತಿ ಮೇಲಕ್ಕೆ ಮಡಚಲು ಮರೆಯಬೇಡಿ.

ಬಾಲಿನ ಅಳತೆಯೂ ಅಷ್ಟೇ ಮುಖ್ಯ. ಸಾಮಾನ್ಯವಾಗಿ ಅದನ್ನು ಬಾಲಿನ ನೆತ್ತಿಯ ಮೇಲೇ ಕೊರೆದಿರುತ್ತಾರೆ, ಕಪ್ಲರ್ ಮೇಲೂ ಇರುತ್ತದೆ. ಎರಡೂ ಒಂದೇ ಇರಬೇಕು. 2 ಇಂಚಿನ ಕಪ್ಲರ್ 1⅞ ಇಂಚಿನ ಬಾಲಿನ ಮೇಲೆ ಸಲೀಸಾಗಿ ಕೂರುತ್ತದೆ, ಲಾಕ್ ಕೂಡ ಆಗುತ್ತದೆ. ವ್ಯತ್ಯಾಸ 3 ಮಿ.ಮೀ. ಚಿಲ್ಲರೆ ಮಾತ್ರ. ಹೀಗೆ ಜೋಡಿಸಿಕೊಂಡು ತಿಂಗಳುಗಟ್ಟಲೆ ಓಡಿಸಿದ ಒಬ್ಬರ ಬಾಲನ್ನು ನಾನೇ ಬಿಚ್ಚಿದ್ದೇನೆ. ಒಂದು ಮಗ್ಗುಲು ಉಜ್ಜಿ ಉಜ್ಜಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಕೊನೆಗೆ ಒಂದು ದಿನ ಮೂತಿ ಕಳಚಿತು. ಆದರೆ ನೆಲಕ್ಕೆ ಬೀಳಲಿಲ್ಲ, ಟ್ರೇಲರ್‌ನ ಮೂತಿಯಿಂದ ಗಾಡಿಗೆ ಸಿಕ್ಕಿಸುವ ಸುರಕ್ಷತೆಯ ಸರಪಳಿಗಳ ಮೇಲೆ ಕೂತಿತ್ತು. ಅವರು ಎರಡು ಸರಪಳಿಗಳನ್ನೂ ಕತ್ತರಿ ಆಕಾರದಲ್ಲಿ ಹಾಕಿದ್ದರು. ಎಡಗಡೆಯದು ಬಲಗಡೆಯ ಕೊಂಡಿಗೆ, ಬಲಗಡೆಯದು ಎಡಗಡೆಗೆ. ಹಾಗೆ ಹಾಕಿದರೆ ಮೂತಿಯ ಕೆಳಗೆ ಒಂದು ಜೋಲಿ ಆಗುತ್ತದೆ, ಅಲ್ವಾ? ತಿರುವಿನಲ್ಲಿ ಬಿಗಿಯದಷ್ಟು ಸಡಿಲ ಇರಲಿ, ನೆಲಕ್ಕೆ ತಾಗುವಷ್ಟು ಬೇಡ.

ಇನ್ನು ಭಾರ. ಸಾಮಾನನ್ನೆಲ್ಲ ಹಿಂದಕ್ಕೆ ತುಂಬಿದರೆ ಮೂತಿ ಹಗುರವಾಗುತ್ತದೆ, ವೇಗ ಹೆಚ್ಚಿದಂತೆ ಟ್ರೇಲರ್ ಬಾಲ ಅಲ್ಲಾಡಿಸಲು ಶುರು ಮಾಡುತ್ತದೆ. ಭಾರದ್ದನ್ನು ಗಾಲಿಯ ಅಚ್ಚಿನಿಂದ ಸ್ವಲ್ಪ ಮುಂದಕ್ಕೆ ಇಟ್ಟು ಕಟ್ಟಿ. ಸಣ್ಣ ಟ್ರೇಲರ್‌ಗೆ ಒಟ್ಟು ತೂಕದ ಸುಮಾರು ಹತ್ತರಲ್ಲಿ ಒಂದು ಪಾಲು ಮೂತಿಯ ಮೇಲೆ ಇರಲಿ, 500 ಕೆ.ಜಿ. ಇದ್ದರೆ 50 ಕೆ.ಜಿ. ಹತ್ತಿರ. ಆದರೆ ನಿಮ್ಮ ಗಾಡಿಯ ಕೈಪಿಡಿ ಇದಕ್ಕಿಂತ ಕಡಿಮೆ ಹೇಳಿದ್ದರೆ ಅದೇ ಕೊನೆಯ ಮಾತು. ಅಳೆಯಲು ದೊಡ್ಡ ಯಂತ್ರ ಬೇಕಿಲ್ಲ. ಗಾಲಿಗಳಿಗೆ ಹಿಂದೆ ಮುಂದೆ ಅಡ್ಡ ಕೊಟ್ಟು, ಮನೆಯಲ್ಲಿ ನಾವು ನಿಂತು ತೂಕ ನೋಡುವ ಯಂತ್ರದ ಮೇಲೆ ಮರದ ತುಂಡಿಟ್ಟು ಮೂತಿ ಇಳಿಸಿ. ಟ್ರೇಲರ್ ಸಮಮಟ್ಟದಲ್ಲಿ ನಿಂತಿರಬೇಕು.

ದಾರಿಯಲ್ಲಿ ಅಲ್ಲಾಟ ಶುರುವಾದರೆ ಗಾಬರಿಯಲ್ಲಿ ಬ್ರೇಕ್ ತುಳಿಯಬೇಡಿ, ವೇಗ ಹೆಚ್ಚಿಸಿ ಸರಿ ಮಾಡಲೂ ಹೋಗಬೇಡಿ. ಸ್ಟೀರಿಂಗ್ ನೇರ ಹಿಡಿದು ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಗಾಡಿ ನಿಧಾನವಾದ ಮೇಲೆ ಪಕ್ಕಕ್ಕೆ ನಿಲ್ಲಿಸಿ ಭಾರ ಸರಿಮಾಡಿ.

ಲೈಟುಗಳನ್ನು ಹೊರಡುವ ಮೊದಲು ಇನ್ನೊಬ್ಬರನ್ನು ಹಿಂದೆ ನಿಲ್ಲಿಸಿ ನೋಡಿ. ಒಂದು ಹಾಕಿದರೆ ಇನ್ನೊಂದು ಮಿಣುಕುತ್ತಿದ್ದರೆ ಹೆಚ್ಚಾಗಿ ಅರ್ತ್ ವೈರಿನದೇ ತಕರಾರು, ಅದರ ತುದಿಯ ತುಕ್ಕು ಉಜ್ಜಿ ತೆಗೆಯಿರಿ.

ಹತ್ತಿಪ್ಪತ್ತು ಕಿಲೋಮೀಟರ್ ಹೋದ ಮೇಲೆ ಒಮ್ಮೆ ನಿಲ್ಲಿಸಿ. ಪಿನ್, ಸರಪಳಿ, ಗಾಲಿಯ ನಟ್ಟುಗಳನ್ನು ನೋಡಿ. ಆಮೇಲೆ ಎರಡೂ ಗಾಲಿಗಳ ನಡುಭಾಗದ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಒಂದು ಕಡೆ ಮಾತ್ರ ಜಾಸ್ತಿ ಬಿಸಿ ಬಡಿದರೆ ಬೇರಿಂಗ್ ಒಣಗಿರಬಹುದು, ಇಲ್ಲವೇ ಬ್ರೇಕ್ ಹಿಡಿದುಕೊಂಡಿರಬಹುದು. ಅದನ್ನು ಸರಿಮಾಡಿಸದೆ ಅಲ್ಲಿಂದ ಮುಂದೆ ಎಳೆಯಬೇಡಿ.