ಮೊದಲು ರೋಲ್ ಬಾರ್, ಆಮೇಲೆ ಹಾರ್ನೆಸ್: ಟ್ರ್ಯಾಕ್ ಡೇ ಕಲಿಯುವವರಿಗೆ ನನ್ನ ಟಿಪ್ಪಣಿ

ಮೊದಲು ಬೇಕಾದದ್ದು ರೋಲ್ ಬಾರ್, ಅಂದರೆ ಕಾರು ಮಗುಚಿದಾಗ ತಲೆ ಕಾಯುವ ಉಕ್ಕಿನ ಕಮಾನು. ನಾನು ಕೊಂಡಿದ್ದು ಉಲ್ಟಾ. ಮೊದಲು ಹಾರ್ನೆಸ್, ಅಂದರೆ ಎರಡೂ ಭುಜ ಬಿಗಿಯುವ ರೇಸ್ ಬೆಲ್ಟ್, ತಂದೆ. ನಾಲ್ಕು ಪಟ್ಟಿಯದು, ಕೆಂಪು ಬಣ್ಣ, ಅರ್ಧ ಬೆಲೆಗೆ ಸಿಕ್ಕಿತ್ತು. ಕಾರು 2001ರ ಮಜ್ದಾ ಎಂಎಕ್ಸ್-5. ಬಟ್ಟೆ ಟಾಪಿನ, ಎರಡೇ ಸೀಟಿನ ಪುಟ್ಟ ಗಾಡಿ, ತೂಕ ಹೆಚ್ಚುಕಡಿಮೆ ಒಂದು ಟನ್. ಇಂಗ್ಲೆಂಡಿಗೆ ಕೆಲಸಕ್ಕೆ ಬಂದ ಮೂರನೇ ವರ್ಷ ಕೊಂಡಿದ್ದೆ. ನಮ್ಮ ಕಾರನ್ನೇ ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನಕ್ಕೆ ಟ್ರ್ಯಾಕ್ ಡೇ ಅನ್ನುತ್ತಾರೆ. ಸ್ನೆಟರ್ಟನ್ ಟ್ರ್ಯಾಕಿನಲ್ಲಿ ನನ್ನ ಮೊದಲ ಟ್ರ್ಯಾಕ್ ಡೇ, ಬ್ರೀಫಿಂಗ್ ಮುಗಿದ ಮೇಲೆ, ಹಿರಿಯ ಇನ್‌ಸ್ಟ್ರಕ್ಟರ್ ಒಬ್ಬರು ಕಾರಿನೊಳಗೆ ಇಣುಕಿದರು. ಹಾರ್ನೆಸ್ ಮುಟ್ಟಿ ನೋಡಿ ಒಂದೇ ಪ್ರಶ್ನೆ ಕೇಳಿದರು: ಕಾರು ಮಗುಚಿದರೆ ನಿನ್ನ ತಲೆ ಎಲ್ಲಿಗೆ ಹೋಗುತ್ತದೆ?

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತು ನನ್ನ ಕಾರು ಪ್ಯಾಡಕ್‌ನಲ್ಲೇ ನಿಂತಿತು. ನಾನು ಅವರ ಪಕ್ಕದ ಸೀಟಿನಲ್ಲಿ ಕೂತು ನಾಲ್ಕು ಸುತ್ತು ಹೋಗಿ ಬಂದೆ. ಆಮೇಲೆ ಚಳಿಗಾಲ ಪೂರ್ತಿ ಓದಿ, ಅಳೆದು, ಬಿಚ್ಚಿ, ಕಟ್ಟಿ ಕಲಿತಿದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ. ಆ ಒಂದು ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡರೆ ಇದರಲ್ಲಿ ಮುಕ್ಕಾಲು ಪಾಲು ನಿಮಗೇ ಹೊಳೆಯುತ್ತದೆ.

ಮಾಮೂಲಿ ಬೆಲ್ಟ್ ಏನು ಮಾಡುತ್ತದೆ?

ಕಂಪನಿ ಕೊಟ್ಟ ಮೂರು ಪಾಯಿಂಟ್ ಬೆಲ್ಟನ್ನು ಕೀಳಾಗಿ ನೋಡಬೇಡಿ. ಅದು ಒಂದೇ ಭುಜವನ್ನು ಹಿಡಿಯುತ್ತದೆ. ಹಾಗಾಗಿ ಕಾರು ಮಗುಚಿ ಮೇಲಿನ ತಗಡು ಕೆಳಗೆ ಬಂದರೆ, ಮೈ ಒಂದು ಪಕ್ಕಕ್ಕೆ ವಾಲಲು ಸ್ವಲ್ಪ ಜಾಗ ಇರುತ್ತದೆ. ಹಾರ್ನೆಸ್ ಹಾಗಲ್ಲ. ಎರಡೂ ಭುಜ ಬಿಗಿಯುತ್ತದೆ, ಬೆನ್ನು ನೆಟ್ಟಗೆ ನಿಲ್ಲಿಸುತ್ತದೆ. ಬಟ್ಟೆ ಟಾಪಿನ ಕಾರು ತಲೆಕೆಳಗಾದಾಗ ಅತಿ ಎತ್ತರದಲ್ಲಿ ನೆಟ್ಟಗೆ ನಿಂತಿರುವುದು ಯಾವುದು? ಕುತ್ತಿಗೆ. ಅಂದರೆ ರೋಲ್ ಬಾರ್ ಇಲ್ಲದೆ ಹಾರ್ನೆಸ್ ಹಾಕಿದರೆ ಕುತ್ತಿಗೆಯೇ ರೋಲ್ ಬಾರ್. ನಾನು ಮಾಡಿಕೊಂಡಿದ್ದು ಇದನ್ನೇ, ಅದೂ ದುಡ್ಡು ಕೊಟ್ಟು.

ರೋಲ್ ಬಾರ್, ಸೀಟು, ಹಾರ್ನೆಸ್, ಕುತ್ತಿಗೆಯ ರಕ್ಷಣೆ, ಈ ನಾಲ್ಕೂ ಒಂದು ಸೆಟ್. ಅರ್ಧ ಸೆಟ್ ಹಾಕುವುದಕ್ಕಿಂತ ಏನೂ ಹಾಕದೆ ಮಾಮೂಲಿ ಬೆಲ್ಟ್‌ನಲ್ಲಿ ಇರುವುದೇ ವಾಸಿ.

ಪೈಪಿನ ಲೆಕ್ಕ

ರೋಲ್ ಬಾರ್ ಅಂದರೆ ಸೀಟಿನ ಹಿಂದೆ ನಿಲ್ಲುವ ಒಂದು ಕಮಾನು, ಅದಕ್ಕೆ ಹಿಂದಿನಿಂದ ಎರಡು ಊರುಗೋಲು. ನೆಲಕ್ಕೆ ನಾಲ್ಕು ಕಡೆ ಕೂರುತ್ತದೆ. ಬಾಗಿಲಿನ ಪಕ್ಕ, ವಿಂಡ್‌ಸ್ಕ್ರೀನಿನ ಅಂಚು ಎಲ್ಲ ಸುತ್ತಿಕೊಂಡು ಪಂಜರದ ಹಾಗೆ ಆದರೆ ಅದು ರೋಲ್ ಕೇಜ್. ರಸ್ತೆಗೂ ಓಡಿಸುವ ಕಾರಿಗೆ ಕೇಜ್ ಬೇಡ ಅನ್ನುವುದು ನನ್ನ ಅಭಿಪ್ರಾಯ. ರಸ್ತೆಯಲ್ಲಿ ಹೆಲ್ಮೆಟ್ ಇರುವುದಿಲ್ಲ. ಸಣ್ಣ ಡಿಕ್ಕಿಯಲ್ಲೂ ಬರೀ ತಲೆ ಕಬ್ಬಿಣಕ್ಕೆ ಹೊಡೆಯುತ್ತದೆ. ರೋಲ್ ಬಾರಿಗೂ ತಲೆ ತಾಗುವ ಕಡೆ ಗಟ್ಟಿ ಫೋಮ್ ಬೇಕು. ನೀರಿನ ಪೈಪಿಗೆ ಸುತ್ತುವ ಮೆತ್ತನೆ ಸ್ಪಂಜು ಒತ್ತಿದರೆ ಕಾಗದದಷ್ಟು ತೆಳ್ಳಗಾಗುತ್ತದೆ. ಅದು ಸುಮ್ನೆ ಸಮಾಧಾನಕ್ಕೆ. ಎಸ್‌ಎಫ್‌ಐ 45.1 ಅನ್ನುವ ರೇಸ್ ಸುರಕ್ಷತೆಯ ಗುರುತು ಅಚ್ಚಿರುವ ಫೋಮನ್ನು ಉಗುರಿನಿಂದ ಒತ್ತಿ ನೋಡಿ, ಹೆಚ್ಚುಕಡಿಮೆ ಮರದ ಹಾಗೆ ಇರುತ್ತದೆ.

ಕಾರ್ ರೇಸಿನ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎಯ ನಿಯಮಪುಸ್ತಕದ ಅನುಬಂಧ ಜೆ, 253ನೇ ವಿಧಿ ಮುಖ್ಯ ಕಮಾನಿಗೆ 45 ಮಿಮೀ ಹೊರವ್ಯಾಸ, 2.5 ಮಿಮೀ ದಪ್ಪ, ಇಲ್ಲವೇ 50 ಮಿಮೀ ವ್ಯಾಸ, 2 ಮಿಮೀ ದಪ್ಪದ ಪೈಪ್ ಕೇಳುತ್ತದೆ. ಬೆಸುಗೆ ಗೆರೆ ಇಲ್ಲದ, ತಣ್ಣಗೆ ಎಳೆದ ಉಕ್ಕು. ಕಮಾನು ಪೂರ್ತಿ ಒಂದೇ ಪೈಪಿನದಾಗಿರಬೇಕು. ಬಾಗಿಸಿದ ಕಡೆ ಸುಕ್ಕು ಬಿದ್ದಿರಬಾರದು. ಟ್ರ್ಯಾಕ್ ಡೇಗೆ ಈ ನಿಯಮ ಕಡ್ಡಾಯವಲ್ಲ, ಅದು ರೇಸಿನದ್ದು. ಆದರೂ ಅಂಗಡಿಯವರ ಮಾತು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಸಿಕ್ಕಿಲ್ಲ.

45 ಬದಲು 38 ಮಿಮೀ ಪೈಪ್ ಹಾಕಿದರೆ ಏನು ಮಹಾ ವ್ಯತ್ಯಾಸ ಅನ್ನಿಸಬಹುದು. ಲೆಕ್ಕ ಹಾಕೋಣ. ಬಾಗದೆ ನಿಲ್ಲುವ ಗುಣ ಹೊರವ್ಯಾಸದ ನಾಲ್ಕನೇ ಘಾತದಿಂದ ಒಳವ್ಯಾಸದ ನಾಲ್ಕನೇ ಘಾತವನ್ನು ಕಳೆದಷ್ಟು. ದಪ್ಪ ಎರಡಕ್ಕೂ 2.5 ಮಿಮೀ ಅಂದುಕೊಳ್ಳಿ. 45ರ ಪೈಪಿಗೆ 15,40,625 ಬರುತ್ತದೆ. 38ರದ್ದಕ್ಕೆ 8,99,215. ಅಂದರೆ ದೊಡ್ಡ ಪೈಪ್ 1.7 ಪಟ್ಟು ಗಟ್ಟಿ. ತೂಕ ಮಾತ್ರ ಶೇ. 20ರಷ್ಟು ಜಾಸ್ತಿ. ಬಾರಿನ ತೂಕ ಉಳಿಸುತ್ತೇನೆ ಅಂತ ಸಣ್ಣ ಪೈಪ್ ಹುಡುಕುವವರು ಈ ಲೆಕ್ಕವನ್ನು ಗೋಡೆಗೆ ಅಂಟಿಸಿಕೊಳ್ಳಲಿ.

ಕಮಾನಿನೊಳಗೆ ಒಂದು ಓರೆ ಪೈಪ್ ಇದೆಯೇ ನೋಡಿ. ಮಂಚದ ಚೌಕಟ್ಟು ನೆನಪಿಸಿಕೊಳ್ಳಿ. ನಾಲ್ಕು ಪಟ್ಟಿ ಹೊಡೆದ ಚೌಕ ಪಕ್ಕಕ್ಕೆ ನೂಕಿದರೆ ಅಲ್ಲಾಡುತ್ತದೆ. ಒಂದು ಓರೆ ಪಟ್ಟಿ ಹೊಡೆದರೆ ಕಮಕ್ ಕಿಮಕ್ ಅನ್ನುವುದಿಲ್ಲ. ಕಾರು ನೆಟ್ಟಗೆ ತಲೆಯ ಮೇಲೆ ಬೀಳುವುದು ಅಪರೂಪ, ಹೆಚ್ಚಾಗಿ ಪಕ್ಕಕ್ಕೆ ಉರುಳುತ್ತಾ ಬೀಳುತ್ತದೆ. ಹಿಂದಿನ ಊರುಗೋಲುಗಳು ಲಂಬ ರೇಖೆಯಿಂದ ಕನಿಷ್ಠ 30 ಡಿಗ್ರಿ ಓರೆಯಾಗಿರಬೇಕು, ಇಲ್ಲದಿದ್ದರೆ ಕಮಾನು ಹಿಂದಕ್ಕೆ ಮಲಗುವುದನ್ನು ಅವು ತಡೆಯಲಾರವು. ಫಳಫಳ ಹೊಳೆಯುವ, ಊರುಗೋಲೇ ಇಲ್ಲದ ಜೋಡಿ ಕಮಾನುಗಳೂ ಸಿಗುತ್ತವೆ. ಅವುಗಳ ಹೆಸರೇ ಸ್ಟೈಲ್ ಬಾರ್. ಹೆಸರಿನಲ್ಲೇ ಸತ್ಯ ಹೇಳಿಬಿಟ್ಟಿದ್ದಾರೆ.

ಕಾಲಿನ ಕೆಳಗಿನ ಪೋಸ್ಟ್‌ಕಾರ್ಡ್

ಎಷ್ಟೇ ಗಟ್ಟಿ ಪೈಪ್ ಇರಲಿ, ಅದು ನಿಲ್ಲುವುದು ಕಾರಿನ ನೆಲದ ತಗಡಿನ ಮೇಲೆ. ತಗಡಿನ ದಪ್ಪ ಸುಮಾರು ಒಂದು ಮಿಲಿಮೀಟರ್. ಕೆಸರುಗದ್ದೆಯಲ್ಲಿ ಏಣಿ ಇಟ್ಟು ಹತ್ತಿದರೆ ಕಾಲು ಹೂತುಹೋಗುತ್ತದೆ, ಅದಕ್ಕೇ ಕೆಳಗೆ ಹಲಗೆ ಹಾಕುತ್ತೇವೆ, ಅಲ್ವಾ? ಇಲ್ಲೂ ಅಷ್ಟೇ. ನಿಯಮದ ಪ್ರಕಾರ ಮುಖ್ಯ ಕಮಾನಿನ ಪ್ರತಿ ಪಾದಕ್ಕೆ ಕನಿಷ್ಠ 3 ಮಿಮೀ ದಪ್ಪದ, 120 ಚದರ ಸೆಂಟಿಮೀಟರ್ ವಿಸ್ತೀರ್ಣದ ಉಕ್ಕಿನ ತಟ್ಟೆ ಬೇಕು. ನಮ್ಮ ಅಂಚೆ ಪೋಸ್ಟ್‌ಕಾರ್ಡ್ 14 ಗುಣಿಸು 9, ಅಂದರೆ 126. ಒಂದೊಂದು ಪಾದದ ಕೆಳಗೂ ಒಂದು ಕಬ್ಬಿಣದ ಪೋಸ್ಟ್‌ಕಾರ್ಡ್ ಅಂತ ನೆನಪಿಟ್ಟುಕೊಳ್ಳಿ. ಅದಕ್ಕೆ ಕನಿಷ್ಠ ಮೂರು ಎಂ8 (8 ಮಿಮೀ) ಬೋಲ್ಟ್, ತಲೆಯ ಮೇಲೆ 8.8 ಅಂತ ಬಲದ ದರ್ಜೆ ಕೆತ್ತಿರಬೇಕು. ಹಳೇ ಡಬ್ಬಿಯಲ್ಲಿ ಬಿದ್ದಿದ್ದ ಅಂಕಿಯಿಲ್ಲದ ಬೋಲ್ಟ್ ಬೇಡ.

ಹಾಕುವ ದಿನ ಗೆಳೆಯ ಸಹಾಯಕ್ಕೆ ಬಂದಿದ್ದ. ಸೀಟು ಎರಡೂ ತೆಗೆದೆವು, ಹಿಂದಿನ ಕಾರ್ಪೆಟ್ ಎತ್ತಿದೆವು. ಮೊದಲು ಸ್ಕ್ರೂಡ್ರೈವರ್ ಹಿಡಿಯಿಂದ ತಗಡನ್ನು ತಟ್ಟುತ್ತಾ ಹೋದೆವು. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಹಳೇ ಎಂಎಕ್ಸ್-5ಗಳ ಅಡಿ ತುಕ್ಕಿಗೆ ಪ್ರಸಿದ್ಧ. ಒಳ್ಳೆಯ ತಗಡು ಟಣ್ ಅನ್ನುತ್ತದೆ, ತುಕ್ಕು ತಿಂದದ್ದು ಡಬ್ ಅನ್ನುತ್ತದೆ. ನನ್ನದು ಎಡಗಡೆ ಅಂಗೈಯಗಲ ಡಬ್ ಅಂದಿತು. ಹಿಂದಿನ ವರ್ಷ ಒಂದು ಗ್ಯಾರೇಜಿನವರು ಅದೇ ಜಾಗಕ್ಕೆ ತುಕ್ಕಿನ ಮೇಲೇ ಕಪ್ಪು ಬಣ್ಣ ಬಳಿದು ಬಿಲ್ ಕೊಟ್ಟಿದ್ದರು. ಕತ್ತರಿಸಿ, ಹೊಸ ತಗಡು ಬೆಸೆಸಿ, ಮತ್ತೆ ಶುರು ಮಾಡಲು ಎರಡು ವಾರ ಹೋಯಿತು.

ಇನ್ನೊಂದು ಮಾತು, ಇದನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಳ್ಳಿ. ಈ ಕಾರಿನಲ್ಲಿ ಸೀಟಿನ ಹಿಂದಿನ ಶೆಲ್ಫ್ ಕೆಳಗೇ ಪೆಟ್ರೋಲ್ ಟ್ಯಾಂಕ್ ಇದೆ. ಡ್ರಿಲ್ ಬಿಟ್ ಎರಡು ಇಂಚು ಜಾಸ್ತಿ ಇಳಿದರೆ ಕಥೆ ಮುಗಿಯಿತು. ನಾವು ಬ್ಯಾಟರಿ ವೈರ್ ತೆಗೆದು, ಬಿಟ್ಟಿನ ತುದಿಯಿಂದ ಅರ್ಧ ಇಂಚು ಬಿಟ್ಟು ಮೇಲೆ ಸ್ಟಾಪರ್ ಕಾಲರ್ ಬಿಗಿದೆವು. ಪ್ರತಿ ತೂತಿಗೂ ಮುಂಚೆ ಅದರ ಆ ಕಡೆ ಏನಿದೆ ಅಂತ ಟಾರ್ಚ್ ಹಾಕಿ ನೋಡಿದೆವು. ತೂತಿನ ಅಂಚಿಗೆ ತಕ್ಷಣ ಪ್ರೈಮರ್ ಹಚ್ಚಿ, ಬರೀ ತಗಡು ಬಿಟ್ಟರೆ ತುಕ್ಕು ಅಲ್ಲಿಂದಲೇ ಶುರು.

ಪೊರಕೆ ಕೋಲಿನ ಪರೀಕ್ಷೆ

ತಲೆ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಕಣ್ಣಾರೆ ನೋಡುವ ವಿಧಾನ ಇದು. ಹೆಲ್ಮೆಟ್ ಹಾಕಿ, ಬೆಲ್ಟ್ ಬಿಗಿದು, ಓಡಿಸುವಾಗ ಹೇಗೋ ಹಾಗೇ ಕೂರಬೇಕು. ರೋಲ್ ಬಾರಿನ ತುದಿಯಿಂದ ವಿಂಡ್‌ಸ್ಕ್ರೀನ್ ಚೌಕಟ್ಟಿನ ತುದಿಗೆ ಒಂದು ನೇರ ಕೋಲು ಇಡಬೇಕು. ಹೆಲ್ಮೆಟ್ಟಿಗೂ ಕೋಲಿಗೂ ನಡುವೆ ಎರಡು ಇಂಚು, ಅಂದರೆ ಮೂರು ಬೆರಳು ಜಾಗ ಇರಬೇಕು. ಕಾರು ತಲೆಕೆಳಗಾದರೆ ಆ ಕೋಲೇ ನೆಲ. ನಮ್ಮೂರಿನ ತೆಂಗಿನ ಕಡ್ಡಿ ಪೊರಕೆಯಲ್ಲಿ ಇದು ಆಗಲ್ಲ. ನಾನು ಮನೆಯ ಮಾಪ್ ಕೋಲು ಬಿಚ್ಚಿಕೊಂಡು ಹೋದೆ.

ಗೆಳೆಯ ಕೋಲು ಇಟ್ಟ. ಟಕ್ ಅಂತ ಹೆಲ್ಮೆಟ್ಟಿಗೆ ತಾಗಿತು. ಮೂರು ಬೆರಳು ಇರಲಿ, ಕೋಲು ಕೂರಲೇ ಇಲ್ಲ. ನಾನು ಐದು ಅಡಿ ಹನ್ನೊಂದು ಇಂಚು. ಈ ಕಾರಿನಲ್ಲಿ ಎತ್ತರದವರ ಪಾಡು ಇದೇ. ಸೀಟಿನ ಹೊಲಿಗೆ ಬಿಚ್ಚಿ ಒಳಗಿನ ಫೋಮ್ ಕೊಯ್ದು ಕೆಳಗೆ ಇಳಿಯುವುದು ಎಂಎಕ್ಸ್-5 ಮಂದಿಯಲ್ಲಿ ಎಷ್ಟು ಮಾಮೂಲಿ ಅಂದರೆ ಅದಕ್ಕೆ ಫೋಮೆಕ್ಟಮಿ ಅಂತ ಆಪರೇಷನ್ನಿನ ಹೆಸರೇ ಇಟ್ಟಿದ್ದಾರೆ. ನಾನು ಹೇಗೂ ಹಾರ್ನೆಸ್ ಹಾಕಬೇಕಿತ್ತು. ಅದಕ್ಕೆ ಫೋಮ್ ಕೊಯ್ಯದೆ ಬೇರೆ ಸೀಟೇ ತರಿಸಿದೆ: ಒರಗು ಹಿಂದೆ ಬಾಗದ, ಭುಜದ ಪಟ್ಟಿಗೂ ಕಾಲ ನಡುವಿನ ಪಟ್ಟಿಗೂ ತೂತು ಇರುವ ಬಕೆಟ್ ಸೀಟು.

ಹಾರ್ನೆಸ್: ಕೋನವೇ ಎಲ್ಲ

ಆ ಕೆಂಪು ಹಾರ್ನೆಸ್ಸಿನಲ್ಲಿ ನನ್ನದು ಎರಡು ತಪ್ಪು.

ಭುಜದ ಪಟ್ಟಿಗಳನ್ನು ಸೀಟಿನ ಹಿಂದೆ ನೆಲಕ್ಕೆ ಕಟ್ಟಿದ್ದೆ. ಗಂಟೆಗೆ 60 ಕಿಮೀ ವೇಗದಲ್ಲಿ ಗೋಡೆಗೆ ಹೊಡೆದು, ಒಟ್ಟು 60 ಸೆಂಟಿಮೀಟರಿನಲ್ಲಿ ನಿಂತರೆ ಮೈಮೇಲೆ ಸರಾಸರಿ ಸುಮಾರು 24 ಜಿ, ಅಂದರೆ ಮೈತೂಕದ 24 ಪಟ್ಟು. 75 ಕೆಜಿ ಮನುಷ್ಯನಿಗೆ ಅದು 1,770 ಕೆಜಿ ಭಾರ. ಇದರಲ್ಲಿ ಒಂದು ಭುಜದ ಪಟ್ಟಿಗೆ 400 ಕೆಜಿಯಷ್ಟು ಎಳೆತ ಬಂತು ಅನ್ನಿ. ಪಟ್ಟಿ ಭುಜದಿಂದ ಹಿಂದಕ್ಕೆ 10 ಡಿಗ್ರಿ ಇಳಿದಿದ್ದರೆ ಭುಜವನ್ನು ಕೆಳಗೆ ಜಗ್ಗುವ ಭಾಗ ಸುಮಾರು 70 ಕೆಜಿ. 20 ಡಿಗ್ರಿಗೆ 137. 45 ಡಿಗ್ರಿಗೆ 283. ಎರಡು ಭುಜ, ನಡುವೆ ಒಂದೇ ಬೆನ್ನುಹುರಿ. ಅದಕ್ಕೇ ಎಫ್‌ಐಎ 45 ಡಿಗ್ರಿ ಮೀರಬಾರದು, 10ರೊಳಗೆ ಇದ್ದರೆ ಉತ್ತಮ ಅನ್ನುತ್ತದೆ. ನೆಲಕ್ಕೆ ಕಟ್ಟಿದ ನನ್ನ ಪಟ್ಟಿ 45ನ್ನೂ ದಾಟಿತ್ತು. ಈಗ ರೋಲ್ ಬಾರಿನ ಅಡ್ಡ ಪೈಪಿಗೆ ಸುತ್ತಿದ್ದೇನೆ. ಪಟ್ಟಿ ಗಿಡ್ಡವಾದಷ್ಟೂ ಹಿಗ್ಗುವುದು ಕಮ್ಮಿ, ಅದೂ ಒಂದು ಲಾಭ. ಸುತ್ತಿದ ಮೇಲೆ ಪಟ್ಟಿಯ ತುದಿಯನ್ನು ಬಕಲಿನೊಳಗೆ ಮತ್ತೊಮ್ಮೆ ಹಿಂದಕ್ಕೆ ತೂರಿಸುವುದನ್ನು ಮರೆಯಬೇಡಿ. ಒಂದೇ ಸಲ ತೂರಿಸಿದ್ದು ಜಾರುತ್ತದೆ.

ಎರಡನೇ ತಪ್ಪು, ನಾಲ್ಕೇ ಪಟ್ಟಿ. ಭುಜದ ಪಟ್ಟಿ ಬಿಗಿದಷ್ಟೂ ನಡುವಿನ ಬಕಲ್ ಮೇಲೆ ಬರುತ್ತದೆ. ಜೊತೆಗೆ ಸೊಂಟದ ಪಟ್ಟಿಯೂ ಮೂಳೆ ಬಿಟ್ಟು ಹೊಟ್ಟೆಗೆ ಏರುತ್ತದೆ. ಡಿಕ್ಕಿಯಾದಾಗ ಮೈ ಅದರ ಅಡಿಯಿಂದ ಮುಂದಕ್ಕೆ ಜಾರುತ್ತದೆ. ಇದಕ್ಕೆ ಸಬ್‌ಮರೀನಿಂಗ್ ಅಂತ ಹೆಸರು. ಮೂಳೆ ತಡೆಯಬೇಕಾದ ಹೊಡೆತ ಕರುಳಿಗೆ ಬೀಳುತ್ತದೆ. ಕಾಲ ನಡುವಿನ ಪಟ್ಟಿ ಇರುವುದು ಬಕಲನ್ನು ಕೆಳಗೆ ಹಿಡಿದಿಡಲು. ಜರ್ಮನಿಯ ಶ್ರಾತ್ ಕಂಪನಿಯ ಕೆಲವು ನಾಲ್ಕು ಪಾಯಿಂಟ್ ಬೆಲ್ಟ್‌ಗಳಲ್ಲಿ ಬೇರೆ ಉಪಾಯ ಇದೆ. ಒಂದು ಭುಜದ ಪಟ್ಟಿಯಲ್ಲಿ ಮಡಚಿ ಹೊಲಿದ ತುಂಡು ಇರುತ್ತದೆ. ಜೋರಾಗಿ ಎಳೆದಾಗ ಹೊಲಿಗೆ ಬಿಚ್ಚಿ ಆ ಭುಜ ತುಸು ಮುಂದೆ ಹೋಗುತ್ತದೆ, ಮೈ ತಿರುಗುತ್ತದೆ, ಸೊಂಟ ಜಾರುವುದಿಲ್ಲ. ಜಾಣತನದ ಕೆಲಸ. ನನ್ನ ಕೆಂಪು ಹಾರ್ನೆಸ್ಸಿನಲ್ಲಿ ಅಂಥದ್ದೇನೂ ಇರಲಿಲ್ಲ. ಈಗ ಆರು ಪಟ್ಟಿಯದು ಹಾಕಿದ್ದೇನೆ.

ಬಿಗಿಯುವ ಕ್ರಮ: ಮೊದಲು ಸೊಂಟ, ಆಮೇಲೆ ಕಾಲ ನಡುವಿನದು, ಕೊನೆಗೆ ಭುಜ. ಸೊಂಟದ್ದು ಪ್ಯಾಂಟಿನ ಬೆಲ್ಟಿಗಿಂತ ಕೆಳಗೆ, ಮೂಳೆಯ ಮೇಲೆ, ನೋವಾಗುವಷ್ಟು ಬಿಗಿ. ಎಫ್‌ಐಎ ಲೇಬಲ್ಲಿನಲ್ಲಿ ಯಾವ ವರ್ಷದವರೆಗೆ ನಡೆಯುತ್ತದೆ ಅಂತ ಅಚ್ಚಾಗಿರುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬಣ್ಣಕ್ಕಿಂತ ಮುಂಚೆ ಅದನ್ನು ನೋಡಿ. ನಾನು ನೋಡಿರಲಿಲ್ಲ.

ಉಳಿದದ್ದು ಕುತ್ತಿಗೆ

ಮೈಯನ್ನು ಸೀಟಿಗೆ ಹೊಲಿದ ಹಾಗೆ ಕಟ್ಟಿದ ಮೇಲೆ ಮುಂದಕ್ಕೆ ಹೋಗಲು ಬಿಡುವಿರುವುದು ತಲೆಗೆ ಮಾತ್ರ. ತಲೆ, ಹೆಲ್ಮೆಟ್ ಸೇರಿ ಆರೂವರೆ ಕೆಜಿ ಅಂದುಕೊಂಡರೆ, ಮೇಲಿನ ಅದೇ ಲೆಕ್ಕದಲ್ಲಿ 150 ಕೆಜಿ ಮೀರುತ್ತದೆ. 2001ರ ಫೆಬ್ರವರಿ 18ರಂದು ಅಮೆರಿಕದ ಡೇಟೋನಾ 500 ರೇಸಿನ ಕೊನೆಯ ಸುತ್ತಿನಲ್ಲಿ ರೇಸರ್ ಡೇಲ್ ಅರ್ನ್‌ಹಾರ್ಟ್ ತೀರಿಕೊಂಡಿದ್ದು ತಲೆಬುರುಡೆಯ ತಳದ ಮೂಳೆ ಮುರಿದು. ಆ ವರ್ಷವೇ ಆ ರೇಸ್ ನಡೆಸುವ ನಾಸ್ಕಾರ್ ಸಂಸ್ಥೆ ತಲೆ ಹಿಡಿದಿಡುವ ಸಾಧನ ಕಡ್ಡಾಯ ಮಾಡಿತು. ಫಾರ್ಮುಲಾ ಒನ್‌ನಲ್ಲಿ 2003ರಿಂದ. ಅಂಥ ಒಂದು ಸಾಧನ, ಹ್ಯಾನ್ಸ್, ಹೊಸದೇನಲ್ಲ. ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯ ಪ್ರೊಫೆಸರ್ ರಾಬರ್ಟ್ ಹಬ್ಬರ್ಡ್ ಮತ್ತು ಅವರ ಭಾವಮೈದುನ, ರೇಸರ್ ಜಿಮ್ ಡೌನಿಂಗ್ 1980ರ ದಶಕದ ಶುರುವಿನಲ್ಲೇ ಮಾಡಿದ್ದರು. ನೊಗದ ಹಾಗೆ ಭುಜದ ಮೇಲೆ ಕೂರುತ್ತದೆ. ಹಾರ್ನೆಸ್ ಪಟ್ಟಿ ಅದನ್ನು ಒತ್ತಿ ಹಿಡಿಯುತ್ತದೆ, ಎರಡು ದಾರ ಹೆಲ್ಮೆಟ್ಟಿಗೆ ಹೋಗುತ್ತವೆ. ದುಬಾರಿ, ಹೌದು. ನಾನು ಹೊಸ ಟೈರ್ ಮುಂದೂಡಿ ಇದನ್ನು ಕೊಂಡೆ.

ಊರಿನ ಗೆಳೆಯರು ಕೇಳಿದ್ದು

ಬೆಂಗಳೂರಿನಿಂದ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿಗೋ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ತಮ್ಮ ಹ್ಯಾಚ್‌ಬ್ಯಾಕ್ ಓಡಿಸಿಕೊಂಡು ಹೋಗುವ ಗೆಳೆಯರಿದ್ದಾರೆ. ಅವರೂ ಹಾರ್ನೆಸ್ ಬಗ್ಗೆ ಕೇಳುತ್ತಾರೆ. ನನ್ನ ಉತ್ತರ: ಅದೇ ಕಾರಿನಲ್ಲಿ ಸೋಮವಾರ ಆಫೀಸಿಗೆ ಹೋಗುವವರು ಕಂಪನಿ ಬೆಲ್ಟನ್ನೇ ಇಟ್ಟುಕೊಳ್ಳಿ. ಕಂಪನಿಯ ಮೂಲ ವಿನ್ಯಾಸ ಬದಲಿಸಬಾರದು ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ನೆನಪಿರಲಿ. ತಿರುವಿನಲ್ಲಿ ಮೈ ಜಾರುತ್ತದೆ ಅನ್ನುವ ದೂರಿಗೆ ಕಾಸಿಲ್ಲದ ಮದ್ದು ಇದೆ. ಸೀಟನ್ನು ಸ್ವಲ್ಪ ಹಿಂದೆ ಸರಿಸಿ ಬೆಲ್ಟ್ ಹಾಕಿ. ಬೆಲ್ಟನ್ನು ಜಗ್ ಅಂತ ಎಳೆದರೆ ರೀಲ್ ಲಾಕ್ ಆಗುತ್ತದೆ. ಹಾಗೇ ಹಿಡಿದು ಸೀಟನ್ನು ಮುಂದೆ ತನ್ನಿ. ಎದೆ ಕಟ್ಟಿದ ಹಾಗೆ ಕೂರುತ್ತದೆ.

ಹೊಸ ಸೀಟನ್ನು ರೈಲ್ ಇಲ್ಲದೆ ನೇರ ನೆಲದ ಬ್ರಾಕೆಟ್ಟಿಗೆ ಬಿಗಿದ ಭಾನುವಾರ ಮತ್ತೆ ಹೆಲ್ಮೆಟ್ ಹಾಕಿ ಕೂತೆ. ಗೆಳೆಯ ಕೋಲು ಇಟ್ಟ. ಈ ಸಲ ಟಕ್ ಅನ್ನಲಿಲ್ಲ. ಅವನು ಸಂದಿಗೆ ಬೆರಳು ತೂರಿಸಿದ: ಒಂದು, ಎರಡು, ಮೂರು, ನಾಲ್ಕನೆಯದು ಹೋಗಲಿಲ್ಲ. ಕೋಲಿನ ಮೇಲೆ ಟೇಪ್ ಸುತ್ತಿ ಗುರುತು ಮಾಡಿದೆವು. ಅದು ಈಗ ಗ್ಯಾರೇಜಿನ ಮೂಲೆಯಲ್ಲಿದೆ. ಮಾಪ್ ಎಲ್ಲಿ ಅಂತ ಮನೆಯಲ್ಲಿ ಎರಡು ಸಲ ಕೇಳಿಯಾಯಿತು.